ಅಪ್ಪ ಅರ್ಥ ಹೇಳಿದ ಸಿನಿಮಾ

ನಿಮ್ಮ ಈ ಅಜ್ಜ ಚಿಕ್ಕವನಿದ್ದಾಗ ನಾವು ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ನಲ್ಲಿದ್ದೆವು, ಮಕ್ಕಳೇ. ಹೊಸ ಮನೆಗಳ ಪೇಂಟಿನ ವಾಸನೆ ಇನ್ನೂ ಆರದ ಬಡಾವಣೆ ಅದು. ನೆರಳಿಗೆಂದು ನೆಟ್ಟ ಗಿಡಗಳು ನನ್ನಷ್ಟೇ ಎತ್ತರವಿದ್ದವು. ಬೆಳಗಾದರೆ ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿ, ಅಮ್ಮ ಕಲಸಿಕೊಟ್ಟ ಮೊಸರನ್ನದ ಡಬ್ಬಿ ಹಿಡಿದು ನಾರ್ತ್ ಸಿಡ್ನಿಯ ಆಫೀಸಿಗೆ ಹೊರಡುತ್ತಿದ್ದರು. ಆ ಕೆಲಸದ ಮೇಲೆಯೇ ನಮ್ಮೆಲ್ಲರ ವೀಸಾ ನಿಂತಿತ್ತು. ಅದು ಹೋದರೆ ದೇಶವನ್ನೇ ಬಿಡಬೇಕೆಂದು ನನ್ನಂಥ ಚೋಟುದ್ದದವನಿಗೂ ಗೊತ್ತಿತ್ತು. ಆ ಚಳಿಗಾಲದಲ್ಲಿ ಡಬ್ಬಿ ದಿನಾ ಖಾಲಿಯಾಗಿಯೇ ಬರುತ್ತಿತ್ತು, ಅಪ್ಪ ಮಾತ್ರ ಕಡ್ಡಿಯಾಗುತ್ತಿದ್ದರು.

ಒಂದು ಶನಿವಾರ ಅಕ್ಕನ ಹಟಕ್ಕೆ ಎಲ್ಲರೂ ಸಿನಿಮಾಕ್ಕೆ ಹೋದೆವು. ಯುರೋಪಿನ ಜನ ತಮ್ಮ ಬದಲಾದ ಬದುಕನ್ನು ಸಿನಿಮಾದಲ್ಲಿ ಹೇಗೆ ತೋರಿಸುತ್ತಾರೆ ಎಂದು ಅವಳು ಶಾಲೆಯಲ್ಲಿ ಮಾತಾಡಬೇಕಿತ್ತು.

"ಡಾನ್ಸಿಲ್ಲ, ಫೈಟಿಲ್ಲ, ಅದೆಂಥ ಸಿನಿಮಾನೇ?" ಎಂದು ಅಮ್ಮ ಛೇಡಿಸಿದರು. ಅಪ್ಪ ನಗಲಿಲ್ಲ.

ನಾನು ಅಪ್ಪ ಮತ್ತು ಅಕ್ಕನ ನಡುವೆ ಕೂತೆ. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ಓದಿ ಮುಗಿಸುವಷ್ಟು ಚುರುಕು ನನಗಿರಲಿಲ್ಲ. ಅಕ್ಕ ಪಾಪ್‌ಕಾರ್ನ್ ತುಂಬಿದ ಬಾಯಲ್ಲೇ ನನ್ನ ಕಿವಿಯಲ್ಲಿ ಅರ್ಥ ಹೇಳುತ್ತಿದ್ದಳು. ಅದು ಗಾಜು ಊದುವವರ ಊರು. ಅಲ್ಲಿ ಯಾರನ್ನು ಕೇಳಿದರೂ ಹೆಸರಿಗೆ ಮೊದಲು "ನಾವು ಗಾಜಿನವರು" ಎನ್ನುತ್ತಿದ್ದರು. ಆ ಕಾರ್ಖಾನೆ ಮುಚ್ಚಿತು. ಒಬ್ಬಾತ ಅದನ್ನು ಮನೆಯಲ್ಲಿ ಹೇಳಲಾರದೆ, ದಿನಾ ಬುತ್ತಿ ಕಟ್ಟಿಸಿಕೊಂಡು ಹೋಗಿ ರೈಲು ನಿಲ್ದಾಣದ ಬೆಂಚಿನ ಮೇಲೆ ಸಂಜೆ ಮಾಡುತ್ತಿದ್ದ.

ಅಕ್ಕ ಅಪ್ಪನ ಕಡೆ ನೋಡಿದಳು. ಅವಳ ಮಾತು ನಿಂತೇ ಹೋಯಿತು. ನಾನು ಅವಳ ತೋಳು ಎಳೆದೆ. "ಅಕ್ಕಾ, ವಾಟ್ ಈಸ್ ಹೀ ಸೇಯಿಂಗ್?"

ಅಪ್ಪ ನನ್ನತ್ತ ಬಗ್ಗಿದರು. "ಕೆಲ್ಸ ಹೋಗಿ ತುಂಬಾ ದಿನ ಆಯ್ತು, ಪುಟ್ಟಾ. ಮನೇಲಿ ಹೇಳಕ್ಕೆ ಧೈರ್ಯ ಬರ್ತಿಲ್ಲ," ಎಂದರು.

ನಾನು ಪರದೆ ನೋಡಿದೆ. ಆತ ಬಾಯಿ ಮುಚ್ಚಿಕೊಂಡು ಕೂತಿದ್ದ. ಕೆಳಗೆ ಒಂದಕ್ಷರವೂ ಇರಲಿಲ್ಲ.

ಅಪ್ಪನ ಆಚೆ ಕೂತಿದ್ದ ಅಮ್ಮನಿಗೂ ಅದು ಕೇಳಿಸಿತ್ತು. ಅವರು ಕೇಳಿದ್ದು ಇಷ್ಟೇ: "ಮತ್ತೆ, ಮೊಸರನ್ನ?"

"ಗಂಟಲಲ್ಲಿ ಇಳೀತಿರ್ಲಿಲ್ಲ ಕಣೇ. ಸೀಗಲ್ ಹಕ್ಕಿಗಳಿಗೆ ಹಾಕ್ತಿದ್ದೆ."

ಅಮ್ಮ ಜಾಕೆಟ್ಟಿನ ತೋಳನ್ನು ಬಾಯಿಗೊತ್ತಿಕೊಂಡು ಅತ್ತರು. ನಮ್ಮ ಮನೆ, ನನ್ನ ಶಾಲೆ, ನನ್ನಷ್ಟೆತ್ತರದ ಆ ಗಿಡಗಳು, ಎಲ್ಲ ಹೋದವು ಎಂದೇ ತಿಳಿದೆ. ವೀಸಾ ಇನ್ನೇನು ಮುಗಿಯುತ್ತದೆ ಎನ್ನುವಾಗ ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ ಅಪ್ಪನಿಗೆ ಕೆಲಸ ಸಿಕ್ಕಿತು. ಅಲ್ಲಿಯವರೆಗೆ ಜೀವ ಕೈಯಲ್ಲಿ ಹಿಡಿದೇ ಬದುಕಿದೆವು. ಅಪ್ಪ ಮತ್ತೆಂದೂ ಡಬ್ಬಿ ಒಯ್ಯಲಿಲ್ಲ.

ಈಗಿನ ನಿಮ್ಮ ಸಿನಿಮಾಗಳು ಯಾವ ದೇಶದವಾದರೂ ನಿಮ್ಮ ಕಿವಿಯಲ್ಲಿ ನಿಮ್ಮ ಮಾತನ್ನೇ ಆಡುತ್ತವೆ. ಅರ್ಥ ಕೇಳಲು ಯಾರ ತೋಳನ್ನೂ ಎಳೆಯಬೇಕಿಲ್ಲ; ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ನೋಡುತ್ತೀರಿ. ಆದರೆ ಈ ವಾರವೆಲ್ಲ ನಿಮ್ಮ ಅಪ್ಪ ತಟ್ಟೆಯ ಮುಂದೆ ಊಟ ಮುಟ್ಟದೆ ಕೂತಿರುವುದನ್ನು ನಾನು ನೋಡುತ್ತಿದ್ದೇನೆ. ಏಳಿ ಮಕ್ಕಳೇ, ಹೋಗಿ ಅವನ ಪಕ್ಕದಲ್ಲಿ ಕೂತುಕೊಳ್ಳಿ. ತೋಳು ಎಳೆದು ಕೇಳಿ.