ಸ್ಯಾಂಪಲ್ಲು ಹಿಡಿದು ಹೋದ ಕದರಪ್ಪ

ನಮ್ಮ ಚನ್ನರಾಯನದುರ್ಗದಲ್ಲಿ ಮೋಟರು ಸುಟ್ಟರೆ ಜನ ಮೊದಲು ದೇವರನ್ನು ಬೈಯುತ್ತಾರೆ, ಆಮೇಲೆ ಕದರಪ್ಪನನ್ನು ಕರೆಯುತ್ತಾರೆ. ಕೊಳವೆಬಾವಿ ಮೋಟರಿಗೆ ಹೊಸ ತಂತಿ ಸುತ್ತುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಬಿಡಿಭಾಗ ಬೇಕಾದರೆ ಅವನದು ಒಂದೇ ಪದ್ಧತಿ. ಹಳೆಯದನ್ನು ಬಿಚ್ಚು, ಪೆಟ್ರೋಲಿನಲ್ಲಿ ತೊಳೆ, ಜೇಬಿಗೆ ಹಾಕಿಕೊಂಡು ಮಧುಗಿರಿಗೆ ಹೋಗು, ಅಂಗಡಿಯವನ ಮುಂದಿಟ್ಟು “ಇಂಥದ್ದೇ ಕೊಡು” ಅನ್ನು. ಇನ್ನೊಬ್ಬರನ್ನು ಕೇಳುವುದೆಂದರೆ ಅವನಿಗೆ ಮೂಗು ಕೊಯ್ದ ಹಾಗೆ. ನಾನು ಪಕ್ಕದ ಮನೆಯವಳು, ಈ ಜಂಭವನ್ನು ನೋಡಿ ನೋಡಿ ಸಾಕಾದವಳು. ಅವನನ್ನು ಹೊಗಳುವ ಉದ್ದೇಶ ನನಗಿಲ್ಲ.

ಮಗಳು ಶಶಿರೇಖಾಳ ಮದುವೆಯನ್ನೂ ಹಾಗೆಯೇ ಮಾಡಿದ. ಗೌಡಗೆರೆ ಕಡೆಯ ಮನೆ. ಕುಲ ಸರಿ, ಹೊಲ ಸರಿ, ಹುಡುಗನ ಎತ್ತರ ಸರಿ. ಹುಡುಗಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಗಂಡ ಕುಡಿದು ಹೊಡೆಯುತ್ತಿದ್ದ. ತವರಿಗೆ ಬಂದವಳು ಗಾರ್ಮೆಂಟ್ಸಿಗೆ ಹೋಗಿ ಹೊಲಿದು ಹೊಲಿದು ಬೆನ್ನುನೋವು ಹಚ್ಚಿಕೊಂಡಳು. ಕೊನೆಗೆ ಕಾಲೇಜಿನ ಕಾಲದ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಮನೆಯಲ್ಲೇ ಒಂದು ಕೆಲಸ ಹಿಡಿದಳು. ರೆಕಾರ್ಡ್ ಮಾಡಿದ ಕನ್ನಡದ ಮಾತು ಕೇಳಿ ಟೈಪ್ ಮಾಡುವುದು. ಗಂಡನ ಕಡೆಯವರು ರಾಜಿಗೆ ಹೇಳಿಕಳಿಸಿದಾಗಲೆಲ್ಲ ತಾಯಿ ನರಸಿಂಹಮ್ಮ, “ಅವ್ಳ ಅನ್ನ ಅವ್ಳು ದುಡ್ಕೊಂತವ್ಳೆ, ಬರಾಕಿಲ್ಲ” ಎಂದು ಬಾಗಿಲಲ್ಲೇ ಉತ್ತರ ಕೊಡುತ್ತಿದ್ದಳು. ಆ ಕೆಲಸ ಇರುವವರೆಗೆ ಅವಳನ್ನು ಯಾರೂ ವಾಪಸ್ ಕಳಿಸುವಂತಿರಲಿಲ್ಲ.

ಈ ವರ್ಷ ಕಂಪನಿಯವರು ಸಾಫ್ಟ್‌ವೇರ್ ಬದಲಿಸಿದರು. ಲ್ಯಾಪ್‌ಟಾಪಿನಲ್ಲಿರುವ ನಾಲ್ಕು ಜಿಬಿ ಮೆಮೊರಿ ಸಾಲದು, ಎಂಟು ಬೇಕು. ಸೋಮವಾರ ಬೆಳಿಗ್ಗೆ ಪರೀಕ್ಷೆ, ಪಾಸಾದವರಿಗಷ್ಟೇ ಕೆಲಸ.

“ಮೆಮೊರಿ ಎಲ್ಲಾ ಒಂದೇ ತರ ಇರಲ್ಲಪ್ಪ. ಶನಿವಾರ ಮಧ್ಯಾಹ್ನ ಲ್ಯಾಪ್‌ಟಾಪ್ನೇ ತಗೊಂಡ್ ಹೋಗಾನ, ಅವ್ರೇ ನೋಡಿ ಹಾಕ್ತಾರೆ” ಎಂದಳು ಮಗಳು.

“ಒಂದು ಚೂರಿಗೆ ಇಡೀ ಮಿಷಿನ್ನು ಹೊತ್ಕಂಡ್ ಹೋಗಾದಾ? ಪಂಪು ಕೆಟ್ರೆ ಬಾವಿ ಹೊತ್ಕಂಡ್ ಹೋಗ್ತೀನೇನಮ್ಮ ನಾನು?”

ಶನಿವಾರ ಬೆಳಿಗ್ಗೆ ಅವಳು ರೇಷನ್ ಅಂಗಡಿಯ ಸಾಲಿನಲ್ಲಿದ್ದಾಗ ಕದರಪ್ಪ ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿದ. ಮದುವೆಯ ವಿಷಯದಲ್ಲಿ ತಪ್ಪಾಯಿತೆಂದು ಬಾಯಿಬಿಟ್ಟು ಹೇಳಲಾರದವನು, ಇದನ್ನಾದರೂ ತಾನೇ ಸರಿಮಾಡಿ ಕೊಡಬೇಕೆಂದುಕೊಂಡಿದ್ದ ಅಂತ ನನಗನ್ನಿಸುತ್ತದೆ. ಒಳಗಿದ್ದ ಬೆರಳುದ್ದದ ಮೆಮೊರಿ ಪಟ್ಟಿಯನ್ನು ಕಿತ್ತು ಎಂದಿನಂತೆ ಪೆಟ್ರೋಲಿನಲ್ಲಿ ಒರೆಸಿದ. ಯಾವ ತರದ್ದೆಂದು ಬರೆದು ಮೇಲೆ ಅಂಟಿಸಿದ್ದ ಚೀಟಿ ಕಿತ್ತು ಬಂತು.

“ಯಾವ ಲ್ಯಾಪ್‌ಟಾಪ್ ಯಜಮಾನ್ರೇ? ಇದ್ರ ಮೇಲೆ ಏನೂ ಬರ್ದಿಲ್ವಲ್ಲ” ಎಂದು ಮಧುಗಿರಿಯ ಕಂಪ್ಯೂಟರ್ ಅಂಗಡಿಯವನು ಕೇಳಿದನಂತೆ.

“ಸ್ಯಾಂಪಲ್ಲೇ ಕೈಯಾಗೈತಲ್ಲಯ್ಯ, ಇನ್ನೇನ್ ಬೇಕು ನಿಂಗೆ?”

ಅಂಗಡಿಯವನು ಉದ್ದ ನೋಡಿದ, ನಡುವಿನ ಸೀಳು ನೋಡಿದ, ಎರಡೂ ಹೊಂದಿದವು, ಕೊಟ್ಟ. ಮನೆಗೆ ತಂದು ಹಾಕಿದರೆ ಟಕ್ಕೆಂದು ಕೂತಿತು. ಪರದೆ ಮಾತ್ರ ಕಪ್ಪು. ಹಳೆಯದನ್ನೇ ಮತ್ತೆ ಹಾಕಿದ. ಗಾಬರಿಯಲ್ಲಿ ಓರೆಯಾಗಿ ಕೂತಿತೋ ಏನೋ, ಆಗಲೂ ಲ್ಯಾಪ್‌ಟಾಪ್ ಏಳಲಿಲ್ಲ. ಮೋಟರಿನ ಸ್ಟಾರ್ಟರು ಹಿಡಿಯದಿದ್ದರೆ ಅವನು ಉಪ್ಪುಕಾಗದ ಹಾಕಿ ತಿಕ್ಕುತ್ತಾನೆ. ಆ ಹಳೆಯ ಪಟ್ಟಿಯನ್ನೂ ಹಾಗೆಯೇ ತಿಕ್ಕಿದ. ಚಿನ್ನದ ಬಣ್ಣದ ಸಣ್ಣ ಹಲ್ಲುಗಳೆಲ್ಲ ಸವೆದುಹೋದವು.

ರೇಷನ್ ಅಂಗಡಿಯ ಸರ್ವರ್ ಕೈಕೊಟ್ಟು ಶಶಿರೇಖಾ ಮನೆ ಸೇರುವಾಗ ಕತ್ತಲಾಗಿತ್ತು, ಮಧುಗಿರಿಯ ಅಂಗಡಿಯೂ ಮುಚ್ಚುವ ಹೊತ್ತು. ಅಕ್ಕಿಯ ಚೀಲ ಇಳಿಸಿ ನೋಡಿದಳು. ಚೆಲ್ಲಿದ್ದ ಸ್ಕ್ರೂಗಳನ್ನೆಲ್ಲ ಆರಿಸಿ ಒಂದು ಬಟ್ಟಲಿಗೆ ಹಾಕಿದಳು. ನರಸಿಂಹಮ್ಮ ಮಾತ್ರ ಬೀದಿಗೆಲ್ಲ ಕೇಳುವಂತೆ ಕೂಗಿದಳು: “ಮದ್ವೆನೂ ಇಂಗೇ ಮಾಡ್ದೆ! ಅಳತೆ ಸರಿ ಐತೆ ಅಂದೆ, ಒಳಗೇನೈತೆ ಅಂತ ಕೇಳಿದ್ಯಾ?” ನನಗೂ ಮೈಯೆಲ್ಲ ಉರಿದುಹೋಯಿತು. ಆದರೆ ಅವನು ಆ ಹಳೆಯ ಪಟ್ಟಿಯನ್ನು ಮತ್ತೆ ಮತ್ತೆ ಅಂಗಿಗೆ ಒರೆಸುತ್ತಿದ್ದುದನ್ನು ಕಂಡು ಪಾಪ ಅನ್ನಿಸಿದ್ದೂ ನಿಜ.

ಭಾನುವಾರ ಅಂಗಡಿ ಬಂದ್. ಸೋಮವಾರ ಬಾಗಿಲು ತೆಗೆಯುವ ಮೊದಲೇ ಅಪ್ಪ ಮಗಳು ಲ್ಯಾಪ್‌ಟಾಪ್ ಹಿಡಿದು ಅಲ್ಲಿ ನಿಂತಿದ್ದರು. ಅಂಗಡಿಯವನು ಮಾಡೆಲ್ ನೋಡಿ, “ಇದು ಕಡಿಮೆ ವೋಲ್ಟೇಜಿನ ಮೆಮೊರಿ ಹಾಕಿದ್ರೆ ಮಾತ್ರ ಆನ್ ಆಗೋದು. ನೀವು ತಗೊಂಡೋಗಿದ್ದು ಹೆಚ್ಚಿಂದು. ನೋಡೋಕೆ ಎರಡೂ ಒಂದೇ” ಎಂದ. ವೋಲ್ಟೇಜು ನೋಡದೆ ಮೋಟರು ಹಾಕಿದಿರೆಂದು ಊರಿನವರನ್ನೆಲ್ಲ ಬೈಯುತ್ತಿದ್ದ ಕದರಪ್ಪ ನೆಲ ನೋಡಿದ. ಸರಿಯಾದದ್ದು ಹಾಕಿದ ಮೇಲೆ ಪರದೆ ಬೆಳಗಿತು, ಆದರೆ ಪರೀಕ್ಷೆಯ ಹೊತ್ತು ಮೀರಿತ್ತು. ಬೇರೆಯವರನ್ನು ತೆಗೆದುಕೊಂಡಾಯಿತು ಎಂದು ಕಂಪನಿಯಿಂದ ಉತ್ತರ ಬಂತು.

ಊರ ಬಾಯಿಗೆ ಬೀಗ ಹಾಕುವವರುಂಟೇ? ಆ ವಾರವೇ ಶಶಿರೇಖಾಳ ಗಂಡನ ಸೋದರಮಾವ ಪರ್ವತಯ್ಯ ಹಿರಿಯರನ್ನು ಕಟ್ಟಿಕೊಂಡು ಬಂದ.

“ಈಗ ಕೆಲ್ಸಾನೂ ಇಲ್ಲ. ಇನ್ನೆಷ್ಟು ದಿನ ಇಟ್ಕಂತೀಯಾ ಕದರಪ್ಪ? ನೀನೊಂದು ಮಾತು ಹೇಳ್ಬುಡು, ಕರ್ಕಂಡ್ ಹೋಗ್ತೀವಿ.”

ನಾನು ನರಸಿಂಹಮ್ಮನ ಪಕ್ಕ ಬಾಗಿಲಲ್ಲಿ ನಿಂತಿದ್ದೆ, ಶಶಿರೇಖಾ ನಮ್ಮ ಹಿಂದಿದ್ದಳು. ಇವನು ಹೂಂ ಅಂದರೆ ಪೊರಕೆ ತೆಗೆದುಕೊಳ್ಳುವುದೇ ಸೈ ಎಂದುಕೊಂಡಿದ್ದೆ. ಕದರಪ್ಪ ನಮ್ಮ ಕಡೆ ತಿರುಗಿದ.

“ಏನ್ ಮಾಡಾನ, ಹೇಳು” ಎಂದ.

ಶಶಿರೇಖಾ ತಾಯಿಯ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಅಪ್ಪ ಕೇಳುತ್ತಿರುವುದು ತನ್ನನ್ನು ಎಂದು ಆ ಹುಡುಗಿಗೆ ಹೊಳೆಯಲೇ ಇಲ್ಲ.

“ನಿನ್ನೇ ಕಣಮ್ಮ ಕೇಳ್ತಿರಾದು.”

“ನಾನು ಹೋಗಲ್ಲಪ್ಪ” ಎಂದಳು. “ಗಾರ್ಮೆಂಟ್ಸ್‌ಗೇ ಹೋಗ್ತೀನಿ. ಅಲ್ಲಿಗೆ ಹೋಗಲ್ಲ.”

ಪರ್ವತಯ್ಯ ಬಾಯಿ ತೆರೆದ. ಕದರಪ್ಪ ಕೈಯೆತ್ತಿ ತಡೆದ.

“ಕೇಳಿಸ್ಕಂಡ್ರಲ್ಲ” ಎಂದ.