ಮೊಂಡುಸೂಜಿಯ ಅರ್ಧ ಮಾತು

ಬಟ್ಟೆ ರಿಪೇರಿ ಅಂಗಡಿಯ ಆ ಹೆಂಗಸಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಪ್ಯಾಂಟಿನ ಸೊಂಟ ಸಡಿಲಿಸಲು ಬಂದವರಿಗೆ, "ಹೊಟ್ಟೆ ಕರಗಿಸಿ, ಬಟ್ಟೆ ಉಳಿಯುತ್ತೆ" ಎನ್ನುತ್ತಿದ್ದಳು. ಮನೆಯಲ್ಲಿ ಮಾತ್ರ ತುಟಿಪಿಟಕ್ ಎನ್ನುತ್ತಿರಲಿಲ್ಲ. ಹಾಸಿಗೆ ಹಿಡಿದ, ಕಣ್ಣೂ ಕಾಣದ ಅತ್ತೆಯನ್ನು ಆರು ವರ್ಷದಿಂದ ತೊಳೆದು, ಉಣಿಸಿ, ಮಗ್ಗುಲು ಬದಲಿಸಿದವಳು ಅವಳೊಬ್ಬಳೇ. ನಾದಿನಿ ತಿಂಗಳಿಗೊಮ್ಮೆ ಬಂದು, ಹೊದಿಕೆ ಮೂಸಿ, ಉಪದೇಶ ಮಾಡಿ ಹೋಗುತ್ತಿದ್ದಳು.

ಒಳಗಿನದನ್ನೆಲ್ಲ ಅವಳು ಕಕ್ಕುತ್ತಿದ್ದದ್ದು ಫೋನಿನಲ್ಲಿ. ರೋಗಿಗಳನ್ನು ನೋಡಿಕೊಳ್ಳುವವರದೇ ಒಂದು ಆನ್‌ಲೈನ್ ಗುಂಪು. ಯಾರು ಬೇಕಾದರೂ ಓದಬಹುದು, ಬರೆಯುವವರಿಗೆಲ್ಲ ಅಡ್ಡಹೆಸರು. ಇವಳು 'ಮೊಂಡುಸೂಜಿ', ಮುಖದ ಬದಲು ತನ್ನ ಹೊಲಿಗೆ ಯಂತ್ರದ ಫೋಟೋ ಹಾಕಿದ್ದಳು. ಅಲ್ಲಿಗೊಬ್ಬ ಸಂಶೋಧಕಿ ಬಂದಳು. ಜನ ಆನ್‌ಲೈನಿನಲ್ಲಿ ಹೇಗೆ ಬದುಕುತ್ತಾರೆಂದು ಅವರ ನಡುವೆಯೇ ಇದ್ದು ಬರೆಯುವುದು ಅವಳ ಕೆಲಸವಂತೆ. ವರ್ಷವಿಡೀ ಎಲ್ಲರ ಅಳು ಕೇಳಿದಳು, ಹೆಸರು ಬದಲಾಯಿಸುತ್ತೇನೆಂದು ಮಾತು ಕೊಟ್ಟಳು, ಪತ್ರಿಕೆಗೆ ಲೇಖನ ಬರೆದಳು.

ಹೆಸರನ್ನೇನೋ ಬದಲಾಯಿಸಿದಳು. ಮಾತನ್ನು ಮಾತ್ರ ಇದ್ದ ಹಾಗೇ ಎತ್ತಿಟ್ಟಳು: "ಬೆಳಿಗ್ಗೆ ಅತ್ತೆ ಉಸಿರು ನಿಂತಿದ್ರೆ ಸಾಕಿತ್ತು ಅನ್ನಿಸ್ತು."

ಲೇಖನ ಓದಿದ ನಾದಿನಿ ಕುತೂಹಲಕ್ಕೆ ಆ ಸಾಲನ್ನೇ ಫೋನಿನಲ್ಲಿ ಹುಡುಕಿದಳು. ಸಿಕ್ಕಿದ್ದು ಮೊಂಡುಸೂಜಿಯ ಬರಹ, ಪಕ್ಕದಲ್ಲೇ ಅಣ್ಣನ ಮನೆಯ ಹೊಲಿಗೆ ಯಂತ್ರದ ಫೋಟೋ. ಕಡ್ಡಿಯನ್ನು ಗುಡ್ಡ ಮಾಡುವವಳಿಗೆ ಗುಡ್ಡವೇ ಸಿಕ್ಕಿತ್ತು. ಕೆಳಗಿನ ಸಾಲು ಅವಳಿಗೆ ಬೇಕಿರಲಿಲ್ಲ. ಅಂದೇ ಬಂದು ತಾಯಿಗೆ ಗಟ್ಟಿಯಾಗಿ ಓದಿ ಹೇಳಿದಳು.

ಕೂಡಲೇ ಹೊಲಿಗೆಯವಳು ಲೇಖನದ ಕೊನೆಯಲ್ಲಿದ್ದ ವಿಳಾಸ ಹಿಡಿದು ಸಂಶೋಧಕಿಯ ಕೋಣೆಗೆ ನುಗ್ಗಿ, ನಡೆದದ್ದನ್ನೆಲ್ಲ ಒದರಿದಳು.

"ನಿಮ್ಮ ಮಾತನ್ನ ತಿದ್ದಿದ್ರೆ ತಪ್ಪಾಗುತ್ತೆ ಅಂತ ಹಾಗೇ ಹಾಕ್ದೆ," ಎಂದಳು ಸಂಶೋಧಕಿ.

"ತಿದ್ದೋದು ತಪ್ಪು, ಅರ್ಧಕ್ಕೆ ಕತ್ತರಿಸೋದು ಸರೀನಾ? 'ಆಮೇಲೆ ತಲೆ ಬಾಚಿ ಜಡೆ ಹಾಕ್ದೆ, ನನಗೇ ನಾಚಿಕೆ ಆಯ್ತು' ಅಂತ ಬರೆದಿದ್ನಲ್ಲ, ಅದೆಲ್ಲಿ?"

"ಜಾಗ ಸಾಲ್ಲಿಲ್ಲ. ಬೇಕಾದ್ರೆ ನಾನೇ ಬಂದು ನಿಮ್ಮತ್ತೆಗೆ ಹೇಳ್ತೀನಿ." ಹಾಗೆನ್ನುತ್ತಲೇ ಅವಳ ಕೈ ನೋಟ್‌ಬುಕ್ಕಿನ ಕಡೆ ಸರಿಯಿತು.

ಹೊಲಿಗೆಯವಳು ಅದನ್ನು ಪಟ್ಟನೆ ಮುಚ್ಚಿದಳು. "ನಮ್ಮ ಮನೆ ಹೊಸ್ತಿಲು ತುಳಿದ್ರೆ ಕಾಲು ಮುರೀತೀನಿ. ಇದನ್ನ ಪೂರ್ತಿ ಬರ್ಕೊಳ್ಳಿ."

ಸಂಜೆ ಅವಳು ಅನ್ನ ಕಲಸಿ ತುತ್ತು ಎತ್ತಿದಳು. ಆರು ವರ್ಷ ಬಳೆಯ ಸದ್ದಿಗೇ ಬಾಯಿ ತೆರೆಯುತ್ತಿದ್ದ ಅತ್ತೆ ಇಂದು ತುಟಿ ಬಿಗಿದರು.

"ಮೊದಲು ನೀನು ತಿನ್ನು," ಎಂದರು.

ಅವಳು ತಿಂದಳು. ನುಂಗಿದ ಸದ್ದು ಕೇಳಿದ ಮೇಲೆ ಅತ್ತೆ ಬಾಯಿ ತೆರೆದರು.