ಬೀರುವಿನ ಮೇಲಿನ ತಮ್ಮ

ಮಕ್ಕಳು ಆಕೆಯನ್ನು ಬೆಸುಗೆ ಅಕ್ಕ ಎನ್ನುತ್ತಿದ್ದರು. ಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕಿ. ತಂದೆಗೆ ರೇಡಿಯೊ ರಿಪೇರಿಯ ಅಂಗಡಿ ಇದ್ದುದರಿಂದ ಹತ್ತು ವರ್ಷಕ್ಕೇ ತಂತಿಗೆ ತಂತಿ ಬೆಸೆಯಲು ಕಲಿತಿದ್ದಳು. ಓದು ಹೈಸ್ಕೂಲಿಗೆ ನಿಂತಿತು. ಆದರೂ ಪದವಿ ಪಡೆದ ಅನೇಕರಲ್ಲಿ ನಾನು ಕಾಣದ ಒಂದು ಗುಣ ಆಕೆಗಿತ್ತು: ತಿಳಿಯದ್ದನ್ನು ತಿಳಿಯದು ಎಂದೇ ಹೇಳುತ್ತಿದ್ದಳು.

ಭೌತಶಾಸ್ತ್ರದ ಮೇಷ್ಟ್ರು ಮಕ್ಕಳ ಕೈಯಲ್ಲಿ ಪುಟ್ಟ ಉಪಗ್ರಹ ಮಾಡಿಸಲು ಹೊರಟಾಗ ಆಕೆಗೆ ನಲವತ್ತಾರು. ಅಂಗೈ ಅಗಲದ ಚೌಕ ಪೆಟ್ಟಿಗೆ. ಮೈಗೆ ಸೌರಫಲಕ, ಒಳಗೆ ಬ್ಯಾಟರಿ, ಬೆಳಕು ಅಳೆಯುವ ಒಂದು ಕಣ್ಣು, ತನ್ನ ಹೆಸರನ್ನೂ ಅಳತೆಗಳನ್ನೂ ಬಿತ್ತರಿಸುವ ಸಣ್ಣ ರೇಡಿಯೊ. ಒಂದೇ ತರಹದ ಎರಡನ್ನು ಮಾಡಿದರು. ಮೇಲಿನದು ಕೆಟ್ಟರೆ ಕೆಳಗಿನದನ್ನು ಬಿಚ್ಚಿ ಕಾರಣ ಹುಡುಕಬಹುದಲ್ಲ, ಅದಕ್ಕೆ. ಹಾರುವುದಕ್ಕೆ ಮಕ್ಕಳು ಅಣ್ಣ ಎಂದು ಹೆಸರಿಟ್ಟರು, ಉಳಿಯುವುದಕ್ಕೆ ತಮ್ಮ.

ಉಡಾವಣೆಯ ದಿನ ಒಬ್ಬ ಹುಡುಗಿ ಕುಣಿಯುತ್ತಾ ಬಂದಳು. "ಅಕ್ಕಾ, ಅಣ್ಣ ಮೇಲೆ ಹೋದ!"

"ಬಿಡ್ತು ಅನ್ನೇ! ಹಾರಿದ ಅನ್ನು."

ಮನೆಯಲ್ಲಿ ಅತ್ತೆ, "ಸೂರಿನ ಜೇಡ ಹೊಡೆಯೋಕೆ ಕೈ ಎಟುಕಲ್ಲ, ಆಕಾಶಕ್ಕೆ ಡಬ್ಬ ಕಳಿಸಿದ್ಲಂತೆ ನನ್ನ ಸೊಸೆ," ಎಂದರು.

"ಹುಷಾರು ಅತ್ತೆ, ಅದು ಮೇಲಿಂದ ನಿಮ್ಮನ್ನೇ ನೋಡ್ತಿರುತ್ತೆ."

ಬ್ಯಾಟರಿ ತೆಗೆದ ತಮ್ಮನನ್ನು ಪ್ರಯೋಗಾಲಯದ ಕಿಟಕಿಯ ಎದುರಿನ ಕುಳ್ಳ ಬೀರುವಿನ ಮೇಲೆ ಇಟ್ಟರು. ಅಣ್ಣ ದಿನವೂ ಹತ್ತೂವರೆಯ ಆಸುಪಾಸಿನಲ್ಲಿ ಊರಿನ ಮೇಲೆ ಹಾದುಹೋಗಬೇಕಿತ್ತು. ಆ ಹತ್ತು ನಿಮಿಷ ಮಾತ್ರ ಸಂಕೇತ ಹಿಡಿಯುವ ರೇಡಿಯೊ ಹಾಕುತ್ತಿದ್ದರು. ಮೊದಲ ದಿನವೇ ಸಂಕೇತ ಬಂತು. ಪರದೆಯ ಮೇಲೆ ಬೆಳಕಿನ ಅಳತೆಯ ಗೆರೆ ಏರಿ, ತಟ್ಟನೆ ಕುಸಿದು, ಮತ್ತೆ ಏರುತ್ತಿತ್ತು. ಅಣ್ಣ ಬುಗುರಿಯಂತೆ ತಿರುಗುತ್ತಿದ್ದಾನೆ ಎಂದು ಮಕ್ಕಳು ನಿರ್ಧರಿಸಿದರು. ಮೇಷ್ಟ್ರು ಆ ತಿರುಗಾಟದ ಮೇಲೆ ಮೂರು ಪಾಠ ಮಾಡಿದರು. ಹಣ ಕೊಟ್ಟವರಿಗೆ ಸೋಮವಾರ ವರದಿ ಹೋಗಬೇಕಿತ್ತು. ಅದು ಮೆಚ್ಚುಗೆಯಾದರೆ ಮುಂದಿನ ತಂಡಕ್ಕೂ ಉಪಗ್ರಹ, ಇಲ್ಲದಿದ್ದರೆ ಪ್ರಯೋಗಾಲಯಕ್ಕೆ ಬೀಗ ಎಂದು ಮುಖ್ಯೋಪಾಧ್ಯಾಯರು ಹೇಳಿಯಾಗಿತ್ತು.

ಹನ್ನೊಂದನೆಯ ದಿನ ಮಕ್ಕಳಿಗೆ ಪರೀಕ್ಷೆ. ಕೋಣೆಯಲ್ಲಿ ಆಕೆ ಒಬ್ಬಳೇ. ಸಂಕೇತ ಬರುತ್ತಿರುವಾಗ ಕಿಟಕಿಯ ಬಳಿಯಿದ್ದ ಕತ್ತರಿ ತರಲು ಎದ್ದು, ತಂದು ಕುಳಿತಳು. ಗೆರೆ ಎರಡು ಸಲ ಕುಸಿದಿತ್ತು. ಆಮೇಲೆ ಆಕೆ ಅಲುಗದೆ ಕುಳಿತಷ್ಟು ಹೊತ್ತೂ ಅದು ದಾರ ಎಳೆದಂತೆ ನೇರವಾಗಿತ್ತು. ಮತ್ತೆ ಎದ್ದು ಕಿಟಕಿಯತ್ತ ನಡೆದಳು. ಕುಸಿಯಿತು. ಅಲ್ಲೇ ನಿಂತಳು. ಗೆರೆಯೂ ಕೆಳಗೇ ನಿಂತಿತು.

ಹಿಂದಿನ ದಿನಗಳ ಗೆರೆಗಳನ್ನು ತೆರೆದು ನೋಡಿದಳು. ನಾಲ್ಕನೆಯ ದಿನ ಆರು ನಿಮಿಷ ಕತ್ತಲು: ಅಂದು ಆಕೆ ಕಿಟಕಿಯಲ್ಲಿ ನಿಂತು ಮಗಳೊಡನೆ ಫೋನಿನಲ್ಲಿ ಮಾತಾಡಿದ್ದಳು. ಏಳನೆಯ ದಿನ ಹದಿನಾಲ್ಕು ಸಣ್ಣ ಕುಸಿತಗಳು: ಅಂದು ಕೋಣೆ ಗುಡಿಸಿದ್ದಳು. ತನ್ನ ಹೆಜ್ಜೆಗಳೆಲ್ಲ ಅಲ್ಲಿದ್ದವು, ನಿಮಿಷದ ಸಮೇತ. ಐನೂರು ಕಿಲೋಮೀಟರ್ ಎತ್ತರದಿಂದ ಯಾವುದೋ ಒಂದು ತನ್ನನ್ನೇ ನೋಡುತ್ತಿತ್ತು.

"ಯಾರು?" ಎಂದು ಗಟ್ಟಿಯಾಗಿ ಕೇಳಿದಳು.

ಯಾರೂ ಇರಲಿಲ್ಲ. ತಿರುಗಿದಾಗ, ಬೀರುವಿನ ಮೇಲೆ, ಬಿಸಿಲಿನಲ್ಲಿ ತಮ್ಮ ಕುಳಿತಿದ್ದ. ಆಕೆ ಅವನ ಕಣ್ಣಿಗೆ ಕೈ ಅಡ್ಡ ಹಿಡಿದಳು, ಗೆರೆ ಬಿತ್ತು. ಸೆರಗಿನಿಂದ ಪೂರ್ತಿ ಮುಚ್ಚಿದಳು, ರೇಡಿಯೊ ಸುಮ್ಮನಾಯಿತು.

ಬಿಚ್ಚಿ ನೋಡಿದರೆ ಕಾರಣ ಸರಳವಾಗಿತ್ತು. ಹಿಂದೆ ತಮ್ಮನನ್ನು ಪರೀಕ್ಷಿಸುವಾಗ ಆಕೆಯೇ ಸೌರಫಲಕದಿಂದ ರೇಡಿಯೊಗೆ ನೇರ ಬೆಸೆದಿದ್ದ ತಂತಿಯನ್ನು ಬಿಚ್ಚಲು ಮರೆತಿದ್ದಳು. ಕಿಟಕಿಯ ಬಿಸಿಲು ಬಿದ್ದೊಡನೆ ತಮ್ಮ ಎಚ್ಚರಗೊಂಡು ಅಣ್ಣನ ಹೆಸರನ್ನು ಹೇಳುತ್ತಿದ್ದ, ಏಕೆಂದರೆ ಇಬ್ಬರಿಗೂ ತುಂಬಿದ್ದ ಹೆಸರು ಒಂದೇ. ಮೇಲಿನವನು ಹನ್ನೊಂದು ದಿನದಲ್ಲಿ ಒಂದು ಮಾತೂ ಆಡಿರಲಿಲ್ಲ.

ಕತ್ತರಿ ಕೈಯಲ್ಲೇ ಇತ್ತು. ತಂತಿ ಕತ್ತರಿಸಿ ಸುಮ್ಮನಿದ್ದರೆ, ಅಣ್ಣ ಹನ್ನೊಂದು ದಿನ ಮಾತಾಡಿ ನಿಂತುಹೋದನೆಂದು ಎಲ್ಲರೂ ನಂಬುತ್ತಿದ್ದರು. ಕತ್ತರಿ ಕೆಳಗಿಟ್ಟು ಮೇಷ್ಟ್ರನ್ನು ಕರೆದು ತೋರಿಸಿದಳು.

ಅವರು ತಾವೇ ತಮ್ಮನ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. "ಬೇರೆ ಯಾರಿಗಾದ್ರೂ ಹೇಳಿದ್ಯಾ ತಾಯಿ?"

"ಇಲ್ಲ."

"ಹೇಳ್ಲೇಬೇಕಾ?"

"ತಂತಿ ನಂದು, ತಪ್ಪೂ ನಂದು. ನಾನೇ ಹೇಳ್ತೀನಿ. ಸುಳ್ಳು ಕಲಿಸೋದಿದ್ರೆ ನೆಲದ ಮೇಲೇ ಕಲಿಸ್ಬಹುದಿತ್ತಲ್ಲ ಮೇಷ್ಟ್ರೇ."

ಮರುದಿನ ತಮ್ಮನನ್ನು ತಗಡಿನ ಟ್ರಂಕಿನಲ್ಲಿ ಮುಚ್ಚಿಟ್ಟು, ಮಕ್ಕಳಿಗೆಲ್ಲ ವಿಷಯ ಹೇಳಿ, ರೇಡಿಯೊ ಹಾಕಿದಳು. ಹತ್ತಿರ ಬಂದು ದೂರ ಹೋಗುವ ದನಿಯ ಸ್ವರ ರೈಲಿನ ಸೀಟಿಯಂತೆ ಇಳಿಯುತ್ತಾ ಹೋಗಬೇಕು, ಈವರೆಗಿನದು ಇಳಿದೇ ಇರಲಿಲ್ಲ, ತಾವು ಯಾರೂ ಗಮನಿಸಲಿಲ್ಲ ಎಂದಳು. ಬರೀ ಸುಯ್ ಎಂಬ ಸದ್ದು. ಐದನೆಯ ನಿಮಿಷದಲ್ಲಿ, ಉಡಾವಣೆಯ ದಿನ ಕುಣಿಯುತ್ತಾ ಬಂದಿದ್ದ ಹುಡುಗಿ ಎದ್ದು ನಿಂತಳು.

"ಅಕ್ಕಾ, ಕೇಳಿಸ್ತು! ಸಣ್ಣಗೆ... ಇಳೀತಾ ಹೋಯ್ತು!"

ಉಳಿದ ಮಕ್ಕಳಿಗೆ ಏನೂ ಕೇಳಿಸಿರಲಿಲ್ಲ. ಆ ಹತ್ತು ನಿಮಿಷದ ಧ್ವನಿಮುದ್ರಣವನ್ನು ಮೂರು ಸಲ ಹಾಕಿ ಕೇಳಿದರು. ಪರದೆಯ ಮೇಲೆ ಗೆರೆಯಿಲ್ಲ, ಕಿವಿಯಲ್ಲಿ ಅದೇ ಸುಯ್.

"ನಿಮಗೂ ಕೇಳಿಸ್ತು ಅಕ್ಕ. ನಿಮ್ಮ ಮುಖ ನೋಡ್ದೆ ನಾನು."

"ಕೇಳಿಸ್ತು," ಎಂದಳು ಆಕೆ. ರೋಮ ಎದ್ದಿದ್ದ ತೋಳನ್ನು ಉಜ್ಜಿಕೊಂಡಳು. "ಬೇಕು ಬೇಕು ಅಂತಿದ್ದಿದ್ದು ಕೇಳಿಸೇ ಕೇಳಿಸುತ್ತೆ ಪುಟ್ಟಿ. ಯಂತ್ರಕ್ಕೆ ಕೇಳಿಸ್ಲಿಲ್ಲ."

ವರದಿಯಲ್ಲಿ ಆಕೆ ತನ್ನ ಕೈಯಲ್ಲೇ ಬರೆದಳು: ಹನ್ನೆರಡು ದಿನ ಆಲಿಸಿದೆವು. ಉಪಗ್ರಹದಿಂದ ಸಂಕೇತ ಬಂದಿಲ್ಲ. ಬಂದದ್ದೆಲ್ಲ ನಮ್ಮ ಕೋಣೆಯಿಂದ, ನನ್ನ ತಪ್ಪಿನಿಂದ.

ತಾನು ಕೇಳಿದ್ದನ್ನೂ ಒಂದು ಸಾಲಿನಲ್ಲಿ ಸೇರಿಸಿ ಎಂದು ಹುಡುಗಿ ಅತ್ತಳು. ಆಕೆ ಸೇರಿಸಲಿಲ್ಲ. ಸಹಿ ಹಾಕಿ, ಕಾಗದವನ್ನು ಮೇಷ್ಟ್ರ ಕಡೆ ಸರಿಸಿದಳು.